ನಮ್ಮ ನಾಲಿಗೆಗೆ ರೋಗವಿಲ್ಲ



ನಮ್ಮ ಮಾತಿಗೆ ರೋಗ ಬಂದಿದೆಯಂತೆ. ಬಾಯಿಮಾತಲ್ಲ, ಬರೆದ ಚೀಟಿಯೇ ಬಂದಿದೆ.

ಚೀಟಿ ಬಂದದ್ದು ಕೆ.ಆರ್. ಪುರದ ಕಡೆಯ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಿಂದ, ನಮ್ಮ ಹಾಸ್ಟೆಲ್ ರೂಮಿನ ಗೆಳೆಯನ ಅಕ್ಕನಿಗೆ. ಆಕೆ ಇಂದಿರಾನಗರದಲ್ಲಿ ಮೂರು ಮನೆಯ ಪಾತ್ರೆ ತೊಳೆದು, ಆ ಕಾಸಿನಲ್ಲಿ ಮಗನಿಗೆ ಟೈ ಕಟ್ಟಿ ಶಾಲೆಗೆ ಕಳಿಸುವವಳು. ಹುಡುಗ ಒಂದನೇ ಕ್ಲಾಸು. ಕನ್ನಡದ ಪೀರಿಯಡ್ಡಿನಲ್ಲಿ ಮಿಸ್ಸು ಚಿತ್ರ ತೋರಿಸಿ ಇದೇನು ಅಂದಿದ್ದಾರೆ. 'ಅಸು' ಅಂದಿದ್ದಾನೆ. ಅದು ಏನು ಕೊಡುತ್ತೆ? 'ಆಲು.' ಇದು? 'ಊವು.' ಕ್ಲಾಸೆಲ್ಲ ನಕ್ಕಿದೆ. ಸಂಜೆ ಡೈರಿಯಲ್ಲಿ ಇಂಗ್ಲಿಷಿನ ಎರಡು ಸಾಲು: ಮಗುವಿಗೆ ಮಾತಿನ ದೋಷವಿದೆ, ಸ್ಪೀಚ್ ಥೆರಪಿಗೆ ತೋರಿಸಿ. ಓದಿ ಹೇಳಿದ ಪಾಪ ನಮ್ಮದೇ. ಅಕ್ಕ ಕೇಳಿದ್ದು ಒಂದೇ ಮಾತು: "ನನ್ ಮಗಂಗೆ ನಾಲ್ಗೆ ಸರ್ಯಾಗಿಲ್ವೇನ್ರಪ್ಪಾ?"

ಕೆಲಸದ ಮನೆಯ ಅಮ್ಮನವರು ಒಂದು ಖಾಸಗಿ ಸೆಂಟರಿನ ವಿಳಾಸ ಕೊಟ್ಟರು. ಒಂದು ಸಲಕ್ಕೆ ಎಂಟುನೂರು ರೂಪಾಯಿ. ಅಂಗೈ ಮೇಲೆ ಕಾಗದದ ಚೂರಿಟ್ಟು 'ಹ' 'ಹ' ಎಂದು ಊದಿಸಿದರು. ನಾಲ್ಕು ವಾರ ಊದಿದ ಹುಡುಗ ಐದನೇ ವಾರದಿಂದ ಶಾಲೆಯಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದ. ಮೂರು ಸಾವಿರದ ಇನ್ನೂರು ರೂಪಾಯಿ ತೆತ್ತು ಮಗನ ಬಾಯಿಗೆ ಬೀಗ ಹಾಕಿಸಿಕೊಂಡು ಬಂದ ಹಾಗಾಯಿತು.

ಆಮೇಲೆ ನಾವು ಮೂರು ಜನ ಅಕ್ಕನನ್ನೂ ಹುಡುಗನನ್ನೂ ಕರೆದುಕೊಂಡು ಒಂದು ಸರ್ಕಾರಿ ಆಸ್ಪತ್ರೆಗೆ ಹೋದೆವು. ಕಿವಿ ಮತ್ತು ಮಾತು ಪರೀಕ್ಷೆ ಮಾಡುವ ವಿಭಾಗ. ಬೆಂಚಿನ ಮೇಲೆ ಎರಡು ಗಂಟೆ ಕಾದ ಮೇಲೆ ಒಳಗೆ ಕರೆದದ್ದು ಬಿಳಿ ಕೋಟಿನ ಒಬ್ಬ ಹುಡುಗಿ, ಇನ್ನೂ ಕಲಿಯುತ್ತಿರುವವಳು, ನಮ್ಮದೇ ವಯಸ್ಸು. ಅವಳು ಹುಡುಗನನ್ನು ಆಟಕ್ಕೆ ಬಿಟ್ಟು ಅಕ್ಕನನ್ನು ಮಾತಾಡಿಸಿದಳು. ಊರು ಯಾವುದು, ಬೆಳಿಗ್ಗೆ ಏನು ಅಡುಗೆ, ಮಗ ಏನು ತಿಂತಾನೆ. ಅಕ್ಕ ಅಸಿಟ್ಟು, ಉಳ್ಳಿಕಾಳು, ಆಲು ಎಂದು ಹೇಳುತ್ತಾ ಹೋದಳು. ಹುಡುಗಿ ನಕ್ಕುಬಿಟ್ಟಳು. "ಅಮ್ಮ ಎಂಗ್ ಮಾತಾಡ್ತಾರೋ ಮಗನೂ ಅಂಗೇ ಮಾತಾಡ್ತಾನೆ. ಇವನಿಗೇನೂ ಆಗಿಲ್ಲ ಕಣಕ್ಕ. ನಾನೂ ಮಳವಳ್ಳಿ ಕಡೆಯೋಳೆ, ಆಸ್ಟಲ್ನಾಗೇ ಓದಿದ್ದು. ನಮ್ಮನೇಲೂ ಆಲೇ ಕುಡಿಯೋದು" ಅಂದಳು. ಅಕ್ಕ ಅಲ್ಲೇ ಕುರ್ಚಿಯಲ್ಲಿ ಕೂತು ಅತ್ತಳು.

ಹೊರಡುವಾಗ ಆ ಹುಡುಗಿ ನಮಗೆ ಇನ್ನೊಂದು ಮಾತು ಹೇಳಿದಳು: "ಅಣ್ಣ, ನೀವು ಮಾತಾಡೋ ಮಗೂನ ಕರ್ಕೊಂಡ್ ಬಂದಿದ್ದೀರ. ನಿಮ್ ಕೇರೀಲಿ ಮಾತಾಡ್ದೇ ಇರೋ ಮಗು ಯಾವ್ದಾದ್ರೂ ಇದ್ರೆ ಅದನ್ನ ಕರ್ಕೊಂಡ್ ಬನ್ನಿ."

ಇತ್ತು. ಹಲಸೂರಿನಲ್ಲಿ ನಾವು ವಾರಕ್ಕೆ ಮೂರು ಸಂಜೆ ಪಾಠ ಹೇಳುವ ಓಣಿಯಲ್ಲೇ ಇತ್ತು. ಎಂಟು ವರ್ಷದ ಹುಡುಗಿ, ಮನೆಮಾತು ತಮಿಳು, ತಾಯಿ ಪೌರಕಾರ್ಮಿಕೆ. ಹಿಂದಿನಿಂದ ಕರೆದರೆ ತಿರುಗಲ್ಲ. ಪ್ರಶ್ನೆ ಕೇಳಿದರೆ ನಗುತ್ತಾಳೆ. ಪಾಠ ಹೇಳುವಾಗ ನಮ್ಮ ತುಟಿಯನ್ನೇ ನೋಡುತ್ತಾಳೆ. ಇವಳಿಗೆ ಕನ್ನಡ ಬರಲ್ಲ ಅಂತ ಶಾಲೆಯವರು ಹಿಂದಿನ ಬೆಂಚಿಗೆ ಹಾಕಿದ್ದರು. ದಡ್ಡಿ ಅಂತ ಓಣಿಯವರು. ನಾಚಿಕೆ ಸ್ವಭಾವ ಅಂತ ನಾವು. ಬಿ.ಎ. ಓದಿದ ನಾವು, ಪದ್ಯ ಬರೆಯುವ ನಾವು, ಎರಡು ವರ್ಷ ಹಾಗೆಂದುಕೊಂಡೇ ಪಾಠ ಹೇಳಿದೆವು. ಎರಡೂ ಕಿವಿ ಸೋರಿ ಸೋರಿ ಒಳಗಿನ ತಮಟೆ ತೂತಾಗಿತ್ತು. ಅಜ್ಜಿ ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಬಿಡುತ್ತಿದ್ದಳು. ಅಜ್ಜಿಯದು ಪ್ರೀತಿ. ಸೋರುವ ಕಿವಿಗೆ ಎಣ್ಣೆ ಬಿಡಬಾರದು ಎಂದು ಹೇಳುವವರು ಆ ಓಣಿಗೆ ಒಬ್ಬರೂ ಬಂದಿರಲಿಲ್ಲ.

ಈಗ ಲೆಕ್ಕ ಹಾಕಿ. ರೋಗವಿಲ್ಲದ ನಾಲಿಗೆಗೆ ಚಿಕಿತ್ಸೆ, ರೋಗವಿದ್ದ ಕಿವಿಗೆ ಹಿಂದಿನ ಬೆಂಚು. ಎರಡು ತಪ್ಪಿಗೂ ಬೇರು ಒಂದೇ. ನಮ್ಮ ಜನ ಮನೆಯಲ್ಲಿ ಹೇಗೆ ಮಾತಾಡುತ್ತಾರೆ ಎಂದು ಗೊತ್ತಿಲ್ಲದವರು ನಮ್ಮ ಮಾತನ್ನು ಅಳೆಯುವ ಕುರ್ಚಿಯಲ್ಲಿ ಕೂತಿದ್ದಾರೆ. ಆ ಕುರ್ಚಿಯಲ್ಲಿ ನಮ್ಮವಳೊಬ್ಬಳು ಕೂತ ದಿನ ಎರಡು ತಪ್ಪೂ ಹತ್ತು ನಿಮಿಷದಲ್ಲಿ ಸಿಕ್ಕಿಬಿದ್ದವು. ಹಾಸ್ಟೆಲ್ಲಿನ ತಮ್ಮಂದಿರೇ, ತಂಗಿಯರೇ, ಆ ಕುರ್ಚಿಗೆ ನೀವು ಹೋಗಬೇಕು. ಅದಕ್ಕೇ ಇದನ್ನು ಬರೆಯುತ್ತಿದ್ದೇವೆ.

ಮೊದಲು ಈ 'ಆಲಿ'ನ ತಕರಾರು ಮುಗಿಸಿಬಿಡೋಣ. ಹಳಗನ್ನಡದಲ್ಲಿ ಅದು ಪಾಲ್. ಹುಲಿ ಪುಲಿ, ಹೆಸರು ಪೆಸರ್, ಹೂವು ಪೂ. 941ರಲ್ಲಿ ಕಾವ್ಯ ಬರೆದ ಪಂಪನದು ಪಕಾರದ ಕನ್ನಡ. ಆಮೇಲೆ ಜನರ ಬಾಯಲ್ಲಿ ಪ ಸವೆದು ಹ ಆಯಿತು. ಜನ ಸವೆಸಿದ್ದನ್ನೇ ಪಂಡಿತರೂ ಓಲೆಗರಿಯಲ್ಲಿ ಬರೆದುಕೊಂಡರು. ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಆ ಹ ಕೂಡ ಸವೆದು ಆಲು, ಉಲಿ, ಎಸ್ರು ಆಗಿದೆ. ಪ ಬಿಟ್ಟವನು ವಿದ್ವಾಂಸ, ಹ ಬಿಟ್ಟವನು ರೋಗಿ! ಇದ್ಯಾವ ನ್ಯಾಯ ಕಣ್ರೀ? ಹ ಬಿಡುವುದು ನಮ್ಮ ಕೇರಿಯೊಂದರ ಸೊತ್ತೂ ಅಲ್ಲ. ಗೌಡರ ಹಟ್ಟಿಯಲ್ಲೂ ಕರೆಯುವುದು ಆಲೇ. ಆದರೆ ಗೌಡರ ಆಲಿಗೆ ಡೇರಿಯವರು ದುಡ್ಡು ಕೊಡುತ್ತಾರೆ, ನಮ್ಮ ಆಲಿಗೆ ಚೀಟಿ ಬರುತ್ತದೆ.

ಹಲಸೂರಿನ ಒಂದು ಬೀದಿಗೆ ಬೆಳಗಿನ ಜಾವ ಬಂದು ನೋಡಿ. ಎಲ್ಲರ ಕೈಯಲ್ಲೂ ಅದೇ ನಂದಿನಿ ಪ್ಯಾಕೆಟ್ಟು. ತಮಿಳರ ಮನೆಯಲ್ಲಿ ಅದು ಪಾಲ್, ತೆಲುಗರ ಮನೆಯಲ್ಲಿ ಪಾಲು, ಮಕ್ಕಳ ಪುಸ್ತಕದಲ್ಲಿ ಹಾಲು, ಕನಕಪುರ ಮಳವಳ್ಳಿ ಕಡೆಯಿಂದ ಕೂಲಿಗೆ ಬಂದವರ ಮನೆಯಲ್ಲಿ ಆಲು. ಕನ್ನಡದ ಸಾವಿರ ವರ್ಷದ ಚರಿತ್ರೆ ಆ ಬೀದಿಯಲ್ಲಿ ಕಾಫಿಗೆ ಕುದಿಯುತ್ತಿರುತ್ತದೆ. ಇದನ್ನು ಕಲಿಸುವ ಬದಲು ಕಾಗದದ ಚೂರು ಊದಿಸುತ್ತಾರೆ.

ಇನ್ನು ಆ ಹಳೇ ಜೋಕು. ನಮ್ಮವನು ವೇದಿಕೆ ಹತ್ತಿ ಆದರದ ಸ್ವಾಗತ ಅನ್ನಲು ಹೋಗಿ 'ಹಾದರದ ಸ್ವಾಗತ' ಅಂದನಂತೆ. ಈ ಜೋಕು ಹೇಳದ ಕಾಲೇಜು ಸ್ಟಾಫ್ ರೂಮು ಕರ್ನಾಟಕದಲ್ಲಿ ಇದ್ದರೆ ತೋರಿಸಿ. ಹ ಬಿಟ್ಟರೆ ನಗುತ್ತಾರೆ ಎಂದು ಹೆದರಿದವನು ಬೇಡದ ಕಡೆಯೂ ಹ ಹಚ್ಚುತ್ತಾನೆ, ಅಷ್ಟೇ. ಆ ನಾಲಿಗೆಯಲ್ಲಿ ಇರುವುದು ಹೆದರಿಕೆ. ಹೆದರಿಸಿದವರು ಯಾರು ಸ್ವಾಮಿ? ಈಗ ಕೂತು ನಗುತ್ತಿರುವವರು ಯಾರು?

ಇದು ಇವತ್ತಿನ ಚಟವಲ್ಲ. ಗೌತಮ ಧರ್ಮಸೂತ್ರ ತೆಗೆದು ನೋಡಿ. ವೇದ ಕೇಳಿಸಿಕೊಂಡ ಶೂದ್ರನ ಕಿವಿಗೆ ಕಾಸಿದ ಲೋಹ, ಕರಗಿಸಿದ ಅರಗು ಹೊಯ್ಯಬೇಕು. ಉಚ್ಚರಿಸಿದರೆ ನಾಲಿಗೆ ಕೊಯ್ಯಬೇಕು. ಶೂದ್ರನಿಗೇ ಈ ಗತಿ. ಊರ ಹೊರಗಿನ ನಮಗೆ? ಕಿವಿ ಮತ್ತು ನಾಲಿಗೆ ಎರಡರ ಮೇಲೂ ಪಹರೆ ಕೂತು ಎರಡು ಸಾವಿರ ವರ್ಷವಾಯಿತು. ಬಾಬಾಸಾಹೇಬರು 1920ರಲ್ಲಿ ತಮ್ಮ ಮೊದಲ ಪತ್ರಿಕೆಗೆ 'ಮೂಕನಾಯಕ' ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಆದರೆ ಇಲ್ಲೊಂದು ಮಾತು ನಮಗೆ ನಾವೇ ಹೇಳಿಕೊಳ್ಳಬೇಕು. ಆ ಹೆಸರಿನಲ್ಲಿ ಮೂಕ ಅನ್ನುವುದು ಉಪಮೆ. ಹಲಸೂರಿನ ಹುಡುಗಿಯ ಕಿವಿ ಉಪಮೆಯಲ್ಲ. ಕವಿಗಳಾದ ನಮಗೆ ಈ ವ್ಯತ್ಯಾಸ ಮರೆತೇಹೋಗಿತ್ತು.

ಹಾಗಾದರೆ ಯಾವುದು ದೋಷ, ಯಾವುದು ಅಲ್ಲ? ಈ ವಿದ್ಯೆಯನ್ನು ಸರಿಯಾಗಿ ಕಲಿತವರು ಕೇಳುವ ಮೊದಲ ಪ್ರಶ್ನೆ, ಈ ಮಗುವಿನ ಸುತ್ತ ಇರುವವರು ಹೇಗೆ ಮಾತಾಡುತ್ತಾರೆ? ಮನೆಮಂದಿಯೆಲ್ಲ ಆಲು ಅನ್ನುವಾಗ ಮಗು ಆಲು ಅಂದರೆ ಅದು ಆ ಮಾತನ್ನು ಚೆನ್ನಾಗಿ ಕಲಿತಿದೆ ಎಂದರ್ಥ. ಆದರೆ ಮನೆಮಂದಿಯೆಲ್ಲ ಕಾಗೆ ಅನ್ನುವಾಗ ಆರು ವರ್ಷದ ಮಗು ಇನ್ನೂ 'ತಾದೆ' ಅನ್ನುತ್ತಿದ್ದರೆ, ಎರಡು ವರ್ಷ ತುಂಬಿದರೂ ಎರಡು ಪದ ಸೇರಿಸಿ ಆಡದಿದ್ದರೆ, ಬಾಗಿಲು ಬಡಿದರೂ ಬೆಚ್ಚದಿದ್ದರೆ, ಆವಾಗ ಓಡಬೇಕು. ಶಾಲೆ ಅನ್ನುವುದನ್ನು ಸಾಲೆ ಅಂದರೆ ಓಡಬೇಕಿಲ್ಲ. ಮಹಾಪ್ರಾಣ ಬರದಿದ್ದರೆ ಖಂಡಿತ ಓಡಬೇಕಿಲ್ಲ. ಆಡುಗನ್ನಡಕ್ಕೆ ಮಹಾಪ್ರಾಣದ ಹಂಗೇ ಇಲ್ಲ ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಪುಸ್ತಕದ ಮೇಲೆ ಪುಸ್ತಕ ಬರೆದಿದ್ದಾರೆ.

ಒಬ್ಬ ಗೆಳೆಯ ವಾದ ಹಾಕಿದ: ಹಾಗಾದರೆ ನಮ್ಮ ಹುಡುಗರು ಹಕಾರ ಕಲಿಯೋದೇ ಬೇಡ್ವಾ? ಇಂಟರ್‌ವ್ಯೂನಲ್ಲಿ ಏನು ಮಾಡೋದು? ಕಲಿಯಲಿ. ಇಂಗ್ಲಿಷ್ ಕಲಿತ ಹಾಗೆ, ಟೈಪಿಂಗ್ ಕಲಿತ ಹಾಗೆ ಪುಸ್ತಕದ ಕನ್ನಡವನ್ನೂ ಕಲಿಯಲಿ. ಅದು ಪಾಠ. ಪಾಠವನ್ನು ಮದ್ದು ಅಂತ ಮಾರಬೇಡಿ. ಪಾಠಕ್ಕೆ ಹೋದ ಹುಡುಗ ಇನ್ನೊಂದು ಮಾತು ಕಲಿತು ಬರುತ್ತಾನೆ, ಮದ್ದಿಗೆ ಹೋದ ಹುಡುಗ ತನ್ನ ಅವ್ವನ ಬಾಯೇ ರೋಗದ ಗೂಡು ಎಂದು ಕಲಿತು ಬರುತ್ತಾನೆ.

ಮಗುವಿನ ತಲೆಗೆ ಇಂಥದ್ದು ಹೊಕ್ಕರೆ ಏನಾಗುತ್ತದೆ ಎನ್ನುವುದಕ್ಕೆ ದಾಖಲೆಯೇ ಇದೆ. 1939ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು ಡ್ಯಾವೆನ್‌ಪೋರ್ಟ್ ಊರಿನ ಅನಾಥಾಶ್ರಮದ 22 ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಚೆನ್ನಾಗಿಯೇ ಮಾತಾಡುತ್ತಿದ್ದ ಕೆಲವು ಮಕ್ಕಳಿಗೆ ನೀನು ಉಗ್ಗುತ್ತೀಯ, ಸರಿಯಾಗಿ ಮಾತಾಡಲು ಬರದಿದ್ದರೆ ಬಾಯಿ ಬಿಡಲೇಬೇಡ ಎಂದು ತಿಂಗಳುಗಟ್ಟಲೆ ಹೇಳಿದರು. ಆ ಮಕ್ಕಳು ಕುಗ್ಗಿದರು, ಮಾತಾಡಲು ಅಂಜಿದರು. ನಡೆಸಿದವರು ಉಗ್ಗಿನ ವಿದ್ಯೆಯಲ್ಲೇ ದೊಡ್ಡ ಹೆಸರಾದ ವೆಂಡೆಲ್ ಜಾನ್ಸನ್ ಮತ್ತು ಅವರ ವಿದ್ಯಾರ್ಥಿನಿ. ವಿಶ್ವವಿದ್ಯಾಲಯ ಕ್ಷಮೆ ಕೇಳಿದ್ದು 2001ರಲ್ಲಿ. ಅನಾಥ ಮಕ್ಕಳನ್ನೇ ಯಾಕೆ ಆರಿಸಿಕೊಂಡರು ಎಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಕೇಳುವವರು ಇರಲಿಲ್ಲ. ಕೆ.ಆರ್. ಪುರದ ಹುಡುಗನಿಗೆ ಕೇಳುವ ಅಮ್ಮ ಇದ್ದಳು. ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.

ಅದೇ ಅಮೆರಿಕದಲ್ಲಿ ಕೇಳಿದವರೂ ಇದ್ದಾರೆ. ಮಿಶಿಗನ್ನಿನ ಆನ್ ಆರ್ಬರ್ ಊರಿನ ಒಂದು ಶಾಲೆ. ಹೆಸರು ಮಾರ್ಟಿನ್ ಲೂಥರ್ ಕಿಂಗ್ ಶಾಲೆ, ಒಳಗೆ ನಡೆಯುತ್ತಿದ್ದದ್ದು ಬೇರೆ. ಬಡ ಕಾಲೊನಿಯಿಂದ ಬರುತ್ತಿದ್ದ ಕಪ್ಪು ಮಕ್ಕಳು ಮನೆಯ ಇಂಗ್ಲಿಷ್ ಆಡುತ್ತಿದ್ದರು. ಶಾಲೆಯವರು ಅವರಿಗೆ ಬುದ್ಧಿ ಸಾಲದು, ಮಾತು ಸರಿಯಿಲ್ಲ ಎಂದು ಪಟ್ಟಿ ಹಚ್ಚಿದರು. ತಾಯಂದಿರು 1977ರಲ್ಲಿ ಕೋರ್ಟಿಗೆ ಹೋದರು. 1979ರ ಜುಲೈನಲ್ಲಿ ನ್ಯಾಯಾಧೀಶ ಜಾಯ್ನರ್ ತೀರ್ಪು ಕೊಟ್ಟರು: ಮಕ್ಕಳ ಮನೆಮಾತನ್ನು ಲೆಕ್ಕಕ್ಕೆ ತೆಗೆದುಕೊಂಡು ಓದು ಕಲಿಸುವುದು ಶಾಲೆಯ ಕೆಲಸ. ಅದಕ್ಕೂ ಮುಂಚೆ, 1968ರಲ್ಲಿ, ಡೆನ್ವರಿನಲ್ಲಿ ಆ ದೇಶದ ವಾಕ್ ಮತ್ತು ಶ್ರವಣ ತಜ್ಞರ ಸಮ್ಮೇಳನ ನಡೆದಾಗ ಅಲ್ಲಿನ ಕಪ್ಪು ತಜ್ಞರು ತಮ್ಮದೇ ಗುಂಪು ಕಟ್ಟಿ ಎದ್ದು ನಿಂತಿದ್ದರು. 1983ರಲ್ಲಿ ಆ ಸಂಘ ಇಂಗ್ಲಿಷಿನ ಯಾವ ಪ್ರಭೇದವೂ ರೋಗವಲ್ಲ ಎಂದು ಬರೆದು ಪ್ರಕಟಿಸಿತು. ಹದಿನೈದು ವರ್ಷ. ಹೊರಗೆ ತಾಯಂದಿರು ಜಗಳ ಆಡಿದರು, ಒಳಗೆ ಓದಿದವರು ಜಗಳ ಆಡಿದರು. ನಮ್ಮಲ್ಲಿ ತಾಯಂದಿರು ಇದ್ದಾರೆ. ಒಳಗಿನವರು ಎಷ್ಟು ಜನ?

ನಮ್ಮ ನಾಡಿನಲ್ಲಿ ಈ ವಿದ್ಯೆಯ ದೊಡ್ಡ ಮನೆ ಮೈಸೂರಿನ ಮಾನಸಗಂಗೋತ್ರಿಯಲ್ಲಿದೆ. ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ. 1965ರಲ್ಲಿ ಶುರುವಾದದ್ದು, ಕೇಂದ್ರದ ಆರೋಗ್ಯ ಇಲಾಖೆಗೆ ಸೇರಿದ್ದು. 1972ರಷ್ಟು ಹಿಂದೆಯೇ ಅಲ್ಲಿನ ಬಾಬು, ರತ್ನ, ಬೆಟ್ಟಗೇರಿ ಎಂಬವರು ಕನ್ನಡದ ಮಕ್ಕಳಿಗಾಗಿ ಕನ್ನಡದಲ್ಲೇ ಉಚ್ಚಾರ ಪರೀಕ್ಷೆ ರೂಪಿಸಿದರು. ಆ ರತ್ನ ಎಂದರೆ ನಮ್ಮ ನಾಟಕಕಾರ ನ. ರತ್ನ, ಆ ಸಂಸ್ಥೆಯ ನಿರ್ದೇಶಕರೂ ಆಗಿದ್ದವರು. ಮಾತಿನ ಚಿಕಿತ್ಸೆಗೂ ನಾಟಕಕ್ಕೂ ನಡುವೆ ಗೋಡೆ ಇಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಅದರ ಮರುವರ್ಷ, 1973ರಲ್ಲಿ, ಅದೇ ಮೈಸೂರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದರು. ಹಾಸ್ಟೆಲ್ಲುಗಳಲ್ಲಿ ನಮ್ಮ ಹುಡುಗರು ಪೆಟ್ಟು ತಿಂದರು, ಮಂತ್ರಿಯ ಕುರ್ಚಿ ಹೋಯಿತು, ನಮ್ಮ ಚಳವಳಿ ಹುಟ್ಟಿತು. ನಮ್ಮ ಹಿರಿಯರು ಸಾಹಿತ್ಯದ ಬಾಗಿಲು ಒದ್ದು ತೆಗೆದರು. ಅದೇ ಊರಿನ ಈ ಇನ್ನೊಂದು ಬಾಗಿಲು ನಮ್ಮ ಕಣ್ಣಿಗೆ ಬೀಳಲಿಲ್ಲ. ಬೈಗುಳವಲ್ಲ ಇದು, ನಮ್ಮದೇ ತಪ್ಪೊಪ್ಪಿಗೆ. ಹಾಸ್ಟೆಲ್ಲಿನಲ್ಲಿ ಕೇಳಿ ನೋಡಿ: ಒಬ್ಬನಿಗೆ ಕೆ.ಎ.ಎಸ್., ಒಬ್ಬನಿಗೆ ಪಿ.ಎಸ್.ಐ., ಮಿಕ್ಕವರೆಲ್ಲ ಕವಿಗಳು.

ನಮ್ಮ ಈ ದಿಕ್ಕಿನಲ್ಲೂ ಜಾಗವಿದೆ. ಶಿವಾಜಿನಗರದಿಂದ ಹೆಣ್ಣೂರು ಕಡೆಯ ಬಸ್ಸು ಹಿಡಿದರೆ ಲಿಂಗರಾಜಪುರದಲ್ಲಿ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಅದು ಟ್ರಸ್ಟಿನದು. ನಿಮ್ಹಾನ್ಸಿನಲ್ಲಿ ಇದಕ್ಕೇ ಒಂದು ವಿಭಾಗವಿದೆ.

ಕೋರ್ಸಿನ ಹೆಸರು ಬಿ.ಎ.ಎಸ್.ಎಲ್.ಪಿ. ಹೆಸರಿನಲ್ಲಿ ಬಿ.ಎ. ಇದೆ ಅಂತ ನಮ್ಮ ಹಾಗೆ ಹಿಗ್ಗಬೇಡಿ. ಪಿ.ಯು.ಸಿ.ಯಲ್ಲಿ ಸೈನ್ಸ್ ಓದಿದವರಿಗೆ ಮಾತ್ರ. ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಕಿವಿ, ಗಂಟಲು, ಮಿದುಳಿನ ರಚನೆ, ಶಬ್ದದ ಭೌತಶಾಸ್ತ್ರ, ಭಾಷಾವಿಜ್ಞಾನ, ಮನಃಶಾಸ್ತ್ರ. ಪುಸ್ತಕ ಓದಿ ಪಾಸಾಗುವ ಕೋರ್ಸಲ್ಲ, ಓದುವಾಗಲೇ ರೋಗಿಗಳ ಮುಂದೆ ಕೂತು ಇಷ್ಟು ಗಂಟೆ ಅಂತ ತುಂಬಿಸಬೇಕು. ಮುಗಿದ ಮೇಲೆ 1992ರ ಕಾಯ್ದೆಯ ಪ್ರಕಾರ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ಮುಂದೆ ಎಂ.ಎಸ್ಸಿ.ಯಲ್ಲಿ ಮಾತಿನ ಕಡೆಗೋ ಕಿವಿಯ ಕಡೆಗೋ ಹೋಗಬಹುದು. ಮೈಸೂರಿನದು ಕೇಂದ್ರದ ಸಂಸ್ಥೆಯಾದ್ದರಿಂದ ಪರಿಶಿಷ್ಟ ಜಾತಿಗೆ ಶೇ. 15, ಪರಿಶಿಷ್ಟ ಪಂಗಡಕ್ಕೆ ಶೇ. 7.5 ಸೀಟು ಮೀಸಲು. ಪ್ರವೇಶದ ನಿಯಮ ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳಿ, ಯಾರದೋ ಬಾಯಿಮಾತು ನಂಬಬೇಡಿ.

ಬೇಲಿ ಇರುವುದು ಸೀಟಿನ ಹತ್ತಿರ ಅಲ್ಲ, ಅದಕ್ಕಿಂತ ಹಿಂದೆ. ಎಸ್.ಎಸ್.ಎಲ್.ಸಿ. ಮಾರ್ಕ್ಸ್ ಕಾರ್ಡು ಹಿಡಿದು ಹೋದ ನಮಗೆ ಅಡ್ಮಿಷನ್ ಟೇಬಲ್ಲಿನಲ್ಲಿ ಕೂತವರು ಏನಂದರು ಗೊತ್ತೆ? "ಸೈನ್ಸ್ ನಿಮ್ಗೆಲ್ಲ ಆಗಲ್ಲ ಕಣ್ರೋ, ಆರ್ಟ್ಸ್ ತಗೊಳ್ಳಿ, ಬೇಗ ಪಾಸಾಗ್ತೀರ." ಉಪಕಾರ ಮಾಡಿದ ಹಾಗೆ ಅಂದರು. ನಾವೂ ತಲೆ ಆಡಿಸಿದೆವು. ಆ ಒಂದು ಮಾತಿಗೆ ಮಾತಿನ ವಿದ್ಯೆಯ ಬಾಗಿಲು ಹದಿನಾರನೇ ವಯಸ್ಸಿಗೇ ಮುಚ್ಚಿತು. ಈಗ ಕನ್ನಡ ಮೇಜರ್ ಓದಿ, ಭಾಷಾವಿಜ್ಞಾನದ ಪೇಪರ್ ಬರೆದು, ನಾಲ್ಕು ಮನೆಮಾತು ಆಡುವ ಬೀದಿಯಲ್ಲಿ ಬದುಕುವ ನಾವು ಅಲ್ಲಿಗೆ ಅರ್ಹರಲ್ಲ. ಮನೆಯಲ್ಲಿ ಕನ್ನಡವನ್ನೇ ಆಡದವನು ಕೆಮಿಸ್ಟ್ರಿ ಓದಿದ್ದರೆ ಅರ್ಹ. ಕೆಮಿಸ್ಟ್ರಿ ಬೇಡ ಅಂತ ನಾವು ಹೇಳುತ್ತಿಲ್ಲ. ಅಮೆರಿಕದಲ್ಲಿ ಬೇರೆ ಪದವಿ ಪಡೆದವರು ಕಡಿಮೆ ಬಿದ್ದ ಪಾಠಗಳನ್ನು ಓದಿ ಮುಗಿಸಿ ಮಾಸ್ಟರ್ಸ್‌ಗೆ ಸೇರಬಹುದು. ಇಲ್ಲಿಯೂ ಅಂಥ ಒಂದು ಸೇತುವೆ ಕಟ್ಟಿ ಅನ್ನುವುದು ನಮ್ಮ ಬೇಡಿಕೆ. ಅಲ್ಲಿಯವರೆಗೆ ಆರ್ಟ್ಸ್ ಓದಿದವರಿಗೆ ಶ್ರವಣದೋಷದ ಮಕ್ಕಳ ವಿಶೇಷ ಬಿ.ಎಡ್. ಇದೆ. ಅದೂ ಸಣ್ಣ ಕೆಲಸವಲ್ಲ. ಸನ್ನೆಭಾಷೆಯನ್ನೂ ಕಲಿಯಿರಿ. ನಮ್ಮ ಆಲನ್ನು ರೋಗ ಅಂದ ಹಾಗೆಯೇ ಕಿವುಡರ ಕೈಮಾತನ್ನು ಭಾಷೆಯೇ ಅಲ್ಲ ಅಂದವರಿದ್ದಾರೆ.

ಯಾಕೆ ಇಷ್ಟು ಅವಸರ? 2011ರ ಜನಗಣತಿ ನೋಡಿ. ಕೇಳುವ ತೊಂದರೆ ಇರುವವರು ದೇಶದಲ್ಲಿ 50 ಲಕ್ಷ, ಮಾತಿನ ತೊಂದರೆ ಇರುವವರು ಸುಮಾರು 20 ಲಕ್ಷ. ಮಕ್ಕಳ ಕಿವುಡಿನಲ್ಲಿ ನೂರಕ್ಕೆ ಅರವತ್ತರಷ್ಟನ್ನು ತಡೆಯಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೋರುವ ಕಿವಿ, ದಡಾರ, ಮಿದುಳುಜ್ವರ, ಹೆರಿಗೆಯ ಹೊತ್ತಿನ ಅವಾಂತರ. ಇವೆಲ್ಲ ಯಾರ ಮನೆಯ ನೆಂಟರು ಅಂತ ಕೇಳಬೇಕೆ? ಹುಟ್ಟಿದ ಒಂದು ತಿಂಗಳೊಳಗೆ ಕಿವಿ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ, ಆರು ತಿಂಗಳೊಳಗೆ ಚಿಕಿತ್ಸೆ ಶುರು. ಇದು ಪುಸ್ತಕದ ನಿಯಮ. ನಮ್ಮ ಓಣಿಯಲ್ಲಿ ಗೊತ್ತಾದದ್ದು ಎಂಟನೇ ವರ್ಷಕ್ಕೆ. 2006ರಿಂದ ಕಿವುಡುತನ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ ಇದೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಮಾತು ಮತ್ತು ಭಾಷೆಯ ತೊಂದರೆಗೂ ಜಾಗ ಇದೆ. ಕಾಗದ ಬೇಕಾದಷ್ಟಿದೆ. ಕಾಗದ ಹಿಡಿದು ಓಣಿಗೆ ಬರುವ ಕಾಲು ಬೇಕು.

ಬರೀ ಮಕ್ಕಳ ಮಾತೂ ಅಲ್ಲ. ಲಕ್ವ ಹೊಡೆದು ಮಾತು ನಿಂತ ಹಮಾಲಿ ಅಪ್ಪ, ಗುಟ್ಕಾ ತಿಂದು ಗಂಟಲು ಕೊಯ್ಸಿಕೊಂಡ ಡ್ರೈವರಣ್ಣ, ಸೀಳುತುಟಿಯ ಕೂಸು, ಉಗ್ಗುತ್ತಾ ಇಂಟರ್‌ವ್ಯೂನಿಂದ ಓಡಿಬಂದ ನಮ್ಮ ಪಕ್ಕದ ರೂಮಿನ ಹುಡುಗ, ಎಲ್ಲರೂ ಇದೇ ಕುರ್ಚಿಯ ಮುಂದೆ ಕೂರಬೇಕಾದವರು. ಶಿವಾಜಿನಗರದ ಗುಜರಿಯಲ್ಲಿ ದಿನವೆಲ್ಲ ತಗಡು ಬಡಿಯುವವನ ಕಿವಿ, ಜೀವಮಾನವೆಲ್ಲ ಊರ ಹಬ್ಬಕ್ಕೆ ತಮಟೆ ಬಡಿದ ನಮ್ಮ ತಾತನ ಕಿವಿ ಯಾರು ಅಳೆದಿದ್ದಾರೆ? ದೇಶಕ್ಕೆ ಟೆಲಿಫೋನು ಮಾಡಿಕೊಟ್ಟ ಐ.ಟಿ.ಐ. ಕಾರ್ಖಾನೆ 1948ರಲ್ಲಿ ಎದ್ದದ್ದು ಇದೇ ಕೆ.ಆರ್. ಪುರದ ಮಗ್ಗುಲಲ್ಲಿ. ದೂರದವರ ಮಾತು ಕೇಳಿಸುವ ಯಂತ್ರ ಇಲ್ಲಿಂದ ಊರೂರಿಗೆ ಹೋಯಿತು.

ಕಂಟೋನ್ಮೆಂಟಿನ ಇನ್ನೊಂದು ಪೇಚು ಹೇಳಬೇಕು. 1809ರಲ್ಲಿ ಇಂಗ್ಲಿಷರ ದಂಡು ಇಲ್ಲಿ ಬೀಡು ಬಿಟ್ಟಾಗ ಅದರ ಹಿಂದೆಯೇ ಕೂಲಿಗೆ, ಚಾಕರಿಗೆ ಬಂದ ತಮಿಳು ದಲಿತರ ಮರಿಮಕ್ಕಳು ಹಲಸೂರಿನ ಓಣಿಗಳಲ್ಲಿದ್ದಾರೆ. ಶಿವಾಜಿನಗರದಲ್ಲಿ ದಖ್ಖನಿ ಉರ್ದು. ಮಗು ಮನೆಯಲ್ಲಿ ಒಂದು, ಬೀದಿಯಲ್ಲಿ ಎರಡು, ಶಾಲೆಯಲ್ಲಿ ಇನ್ನೊಂದು ಮಾತಾಡುತ್ತದೆ. ಮಾತು ತಡವಾದರೆ ತಾಯಿಗೆ ಸಿಗುವ ಉಪದೇಶ ಏನು? "ಮನೇಲಿ ಇಂಗ್ಲಿಷ್ ಒಂದೇ ಮಾತಾಡಿ, ಮಗುಗೆ ಕನ್‌ಫ್ಯೂಸ್ ಆಗುತ್ತೆ." ಇಂಗ್ಲಿಷ್ ಬಾರದ ತಾಯಿ ಆಮೇಲೆ ಮಗುವಿನ ಹತ್ತಿರ ಮಾತಾಡುವುದನ್ನೇ ಬಿಡುತ್ತಾಳೆ. ಎರಡು ಮೂರು ಭಾಷೆ ಕೇಳುವುದರಿಂದ ಮಗುವಿಗೆ ಮಾತಿನ ರೋಗ ಬರುವುದಿಲ್ಲ ಎಂದು ಈ ವಿದ್ಯೆಯ ಪುಸ್ತಕಗಳೇ ಹೇಳುತ್ತವೆ. ಮಾತು ಬೆಳೆಯುವುದು ಮಾತು ಕೇಳಿ. ತಾಯಿಯ ಬಾಯಿ ಮುಚ್ಚಿಸಿದರೆ ಮಗುವಿಗೆ ಎಲ್ಲಿಂದ ಬರಬೇಕು? ಇತ್ತ ಕನ್ನಡದ ಬಾವುಟ ಹಿಡಿದವರು ಆ ತಮಿಳು ಹುಡುಗಿ ಕನ್ನಡ ಯಾಕೆ ಮಾತಾಡಲ್ಲ ಎಂದು ಕೇಳಿದರು. ಅವಳಿಗೆ ಯಾವ ಭಾಷೆಯೂ ಸರಿಯಾಗಿ ಕೇಳಿಸುತ್ತಿಲ್ಲ ಎಂದು ಅವರಿಗೂ ಹೊಳೆಯಲಿಲ್ಲ. ನಮಗೂ ಹೊಳೆಯಲಿಲ್ಲ ಅಂತ ಆಗಲೇ ಬರೆದಿದ್ದೇವೆ.

ಈ ವೃತ್ತಿಯವರೆಲ್ಲ ನಮ್ಮ ಶತ್ರುಗಳು ಎಂದು ಯಾರೂ ಓದಿಕೊಳ್ಳಬೇಡಿ. ಹುಡುಗಿಯ ಕಿವಿಯನ್ನು ಮೊದಲು ಒಣಗಿಸಿ, ಆಮೇಲೆ ಮೆಷಿನ್ ಹಾಕಿ, ವಾರವಾರವೂ ಕೂತು ಮಾತು ಕಲಿಸುತ್ತಿರುವವರು ಇದೇ ವೃತ್ತಿಯವರು. ಮೆಷಿನ್ ಹಾಕಿದ ದಿನ ಹಲಸೂರು ಕೆರೆಯ ಹತ್ತಿರ ಬಸ್ಸು ಹಾರನ್ ಹೊಡೆದದ್ದಕ್ಕೆ ಅವಳು ಬೆಚ್ಚಿ ಅಜ್ಜಿಯ ಸೆರಗಿನೊಳಗೆ ಹೊಕ್ಕಳು. ಅಜ್ಜಿ ಹೆದರಿಕೊಂಡು ನಮ್ಮನ್ನು ಬೈದಳು. ಈಗ ಅವಳು ಪಾಠದಲ್ಲಿ ಮುಂದೆ ಕೂರುತ್ತಾಳೆ, ಪಕ್ಕದವರು ಪಿಸುಗುಟ್ಟಿದರೆ ನಮ್ಮ ಹತ್ತಿರ ದೂರು ಹೇಳುತ್ತಾಳೆ, ತಮಿಳಿನಲ್ಲಿ. ಕೆ.ಆರ್. ಪುರದ ಹುಡುಗ ಮನೆಯಲ್ಲಿ ವಾಚಾಳಿ, ಶಾಲೆಯಲ್ಲಿ ಇನ್ನೂ ಪೂರ್ತಿ ಬಾಯಿ ಬಿಟ್ಟಿಲ್ಲ.

ಪಿ.ಯು.ಸಿ. ಸೈನ್ಸ್ ಓದುತ್ತಿರುವ ಹಾಸ್ಟೆಲ್ಲಿನ ಹುಡುಗ ಹುಡುಗಿಯರು ಈ ಪತ್ರಿಕೆ ಮಾರುವ ಗೆಳೆಯನ ಹತ್ತಿರ ಹೆಸರು ಬರೆಸಿ. ಜಾತಿ ಸರ್ಟಿಫಿಕೇಟು, ಆದಾಯ ಸರ್ಟಿಫಿಕೇಟು ಈಗಲೇ ಮಾಡಿಸಿಟ್ಟುಕೊಳ್ಳಿ, ಕೊನೇ ವಾರಕ್ಕೆ ತಾಲ್ಲೂಕಾಫೀಸಿಗೆ ಓಡಬೇಡಿ. ಎಸ್.ಎಸ್.ಎಲ್.ಸಿ. ಮುಗಿಸಿದ ತಮ್ಮ ತಂಗಿಯರಿದ್ದರೆ ಅಡ್ಮಿಷನ್ ಟೇಬಲ್ಲಿಗೆ ಒಬ್ಬರನ್ನೇ ಕಳಿಸಬೇಡಿ, ನಮ್ಮಲ್ಲಿ ಒಬ್ಬರು ಜೊತೆಗೆ ಬರುತ್ತೇವೆ. ಅರ್ಜಿ ಇಂಗ್ಲಿಷಿನಲ್ಲಿರುತ್ತದೆ. ಕೂತು ತುಂಬೋಣ.